ಗುಡ್ಡ ಹತ್ತದ ದಾರಿಗಳು

ಮಲೆನಾಡಿನ ಹಳೆಯ ಕಾಲುದಾರಿ ಗುಡ್ಡ ಹತ್ತುತ್ತಿರಲಿಲ್ಲ. ಗದ್ದೆಬಯಲಿಗೂ ಕಾಡಿಗೂ ನಡುವಿನ ಅಂಚು ಹಿಡಿದು, ಗುಡ್ಡದ ಸೊಂಟ ಬಳಸಿಕೊಂಡು, ಒಂದು ಮನೆಯ ಅಂಗಳದಿಂದ ಇನ್ನೊಂದು ಮನೆಯ ಅಂಗಳಕ್ಕೆ ಹೋಗುತ್ತಿತ್ತು. ಏರಲೇಬೇಕಾದ ಕಡೆ ಎರಡು ಗುಡ್ಡಗಳ ನಡುವಿನ ತಗ್ಗು ಹುಡುಕಿ ಅಲ್ಲಿ ದಾಟಿ ಆಚೆ ಬಯಲಿಗೆ ಇಳಿಯುತ್ತಿತ್ತು. ತಲೆಯ ಮೇಲೆ ಹೊರೆ ಹೊತ್ತವರು ತುಳಿದು ಮಾಡಿದ ದಾರಿ ಅದು. ಹೊರೆ ಹೊತ್ತವರಿಗೆ ಅನಗತ್ಯವಾದ ಒಂದು ಏರೂ ಬೇಡ. ಗುಡ್ಡದ ನೆತ್ತಿಯಲ್ಲಿ ಯಾರಿಗೂ ಕೆಲಸವಿರಲಿಲ್ಲ. ದನ ತಪ್ಪಿಸಿಕೊಂಡಾಗ ಹುಡುಕಲು ಹೋದರೆ ಉಂಟು, ಇಲ್ಲವೇ ಮೇಲೆ ದೇವರಿರಬೇಕು. ಕುಂದಾದ್ರಿಗೆ ಜನ ಹತ್ತುತ್ತಿದ್ದದ್ದು ಪಾರ್ಶ್ವನಾಥನಿಗಾಗಿ, ಕೊಡಚಾದ್ರಿಗೆ ಸರ್ವಜ್ಞಪೀಠಕ್ಕಾಗಿ.

ಈಗ ಮಲೆನಾಡಿಗೆ ನಡೆಯಲೆಂದೇ ಬರುವವರಿಗೆ ತೋರಿಸುವ ದಾರಿಗಳೆಲ್ಲ ನೆತ್ತಿಗೇ ಹೋಗುತ್ತವೆ. ಕುದುರೆಮುಖ, ನೇತ್ರಾವತಿ, ಕುರಿಂಜಲು, ನರಸಿಂಹ ಪರ್ವತ. ಅವು ಚೆಲುವಾದ ಜಾಗಗಳು, ಹೋಗಬೇಡಿ ಎನ್ನುವುದಿಲ್ಲ. ಆದರೆ ಈ ನಾಡು ನೂರಾರು ವರ್ಷ ನಡೆದದ್ದು ಕಣಿವೆಯಲ್ಲಿ. ಆ ಕಣಿವೆಯ ದಾರಿಗಳು ಈಗ ಯಾವ ಪಟ್ಟಿಯಲ್ಲೂ ಇಲ್ಲ. ನನ್ನ ಕಾಲದಲ್ಲೇ, ನಾನು ನೋಡುತ್ತಿದ್ದಂತೆಯೇ ಅವು ಒಂದೊಂದಾಗಿ ಮುಚ್ಚಿಹೋದವು. ಹೇಗೆ ಮುಚ್ಚಿದವು ಎಂಬುದನ್ನು ಬರೆದಿಡಬೇಕು ಅನ್ನಿಸುತ್ತದೆ, ಯಾಕೆಂದರೆ ಎಲ್ಲ ಕಾರಣಗಳೂ ಕೆಟ್ಟವಲ್ಲ.

ನಮ್ಮದು ತುಂಗೆಯ ಕಣಿವೆ. ಗಂಗಾಮೂಲದಲ್ಲಿ ಹುಟ್ಟಿದ ಹೊಳೆ ಶೃಂಗೇರಿ, ಹರಿಹರಪುರ ದಾಟಿ ತೀರ್ಥಹಳ್ಳಿಗೆ ಹೋಗುವ ನಡುವೆ, ಎಡಬಲಕ್ಕೆ ಸಾಲುಸಾಲಾಗಿ ಸಣ್ಣ ಗುಡ್ಡಗಳು. ಪಶ್ಚಿಮದ ಕಡೆ ಆಗುಂಬೆಯ ಹತ್ತಿರ ನೆಲ ಕುಸಿದಂತೆ ಕೆಳಗಿಳಿಯುತ್ತದೆ, ಆದರೆ ಒಳಗಿನ ಈ ಗುಡ್ಡಗಳು ಸೌಮ್ಯವಾದವು. ಪ್ರತಿ ಎರಡು ಗುಡ್ಡಗಳ ನಡುವೆ ಒಂದು ಹಳ್ಳ, ಹಳ್ಳದ ಎರಡೂ ಕಡೆ ಗದ್ದೆ, ಗದ್ದೆಯ ತುದಿಯಲ್ಲಿ ನೀರು ಒಸರುವ ಕಡೆ ಅಡಿಕೆ ತೋಟ, ತೋಟದ ಮೇಲೆ ಒಂದು ಮನೆ, ಮನೆಯ ಬೆನ್ನಿಗೆ ಸೊಪ್ಪಿನ ಬೆಟ್ಟ. ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗಳು ಒತ್ತೊತ್ತಾಗಿ ಇಲ್ಲ. ಒಂದು ಊರು ಎಂದರೆ ಅರ್ಧ ಮೈಲಿಗೊಂದು ಮನೆ. ಹಾಗಾಗಿ ಬೆಂಕಿ ಬೇಕಾದರೂ, ಹೆರಿಗೆಗೆ ಕೈ ಬೇಕಾದರೂ, ಮದುವೆಗೆ ಕರೆಯುವುದಿದ್ದರೂ ನಡೆಯಬೇಕಿತ್ತು. ಕಾಲುದಾರಿ ಇಲ್ಲದೆ ಇಲ್ಲಿ ಊರೇ ಇಲ್ಲ.

ದಾರಿಗಳಲ್ಲಿ ತರತಮವಿತ್ತು. ಗಟ್ಟದ ಕೆಳಗಿನಿಂದ ಉಪ್ಪು, ಒಣಮೀನು ಹೊತ್ತು ತರುತ್ತಿದ್ದ ಹೇರೆತ್ತುಗಳ ದಾರಿ ಅಗಲವಾದದ್ದು. ನೂರಾರು ಗೊರಸುಗಳು ಸವೆಸಿ, ಮಳೆ ಕೊರೆದು, ಆಳೆತ್ತರದ ಓಣಿಯಾಗಿ ಹೋದ ಅಂಥ ದಾರಿಗಳ ತುಂಡುಗಳು ಕಾಡಿನೊಳಗೆ ಈಗಲೂ ಸಿಗುತ್ತವೆ. ಗಾಡಿದಾರಿ ಆಮೇಲಿನದು. ಇವೆರಡೂ ಅಲ್ಲದ, ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗವಿದ್ದ ಒಳದಾರಿಗಳೇ ಹೆಚ್ಚು. ಜಾರುವ ಕಡೆ ಜಂಬಿಟ್ಟಿಗೆಯ ಮೆಟ್ಟಿಲು, ಏರು ಮುಗಿದ ಕಡೆ ಎದೆಯೆತ್ತರದ ಒಂದು ಕಲ್ಲು. ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ ಮತ್ತೆ ಹೊತ್ತುಕೊಳ್ಳಲು ಅದೇ ಎತ್ತರ ಬೇಕು. ಅದನ್ನು ನಿಲ್ಲಿಸಿದವರು ಯಾರೋ ಗೊತ್ತಿಲ್ಲ, ಆದರೆ ಹೊತ್ತು ಗೊತ್ತಿದ್ದವರು. ಬೇಲಿ ಅಡ್ಡ ಬಂದಲ್ಲಿ ಉಣುಗೋಲು ಇರುತ್ತಿತ್ತು. ಎರಡು ಕಂಬಗಳ ತೂತಿಗೆ ಅಡ್ಡ ತೂರಿಸಿದ ಬಿದಿರ ಗಳಗಳು. ಸರಿಸಿ ದಾಟಿ, ಮತ್ತೆ ಸರಿಸಿಡಬೇಕು. ಮನುಷ್ಯ ಮಾತ್ರ ದಾಟಿದರೆ ಸಾಕೆಂಬಲ್ಲಿ ತಡಬೆ. ಉಣುಗೋಲು ಸರಿಸಿಡದೆ ಹೋದವನ ಹೆಸರು ಸಂಜೆಯೊಳಗೆ ಇಡೀ ಬಯಲಿಗೆ ಗೊತ್ತಾಗುತ್ತಿತ್ತು.

ದಾರಿ ಅಂಗಳದ ಮೇಲೆಯೇ ಹೋಗುತ್ತಿತ್ತು ಎಂಬುದನ್ನು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮನೆಗೆ ಹೋಗುವ ದಾರಿಯಲ್ಲ, ಮನೆ ಹಾದು ಹೋಗುವ ದಾರಿ. ನಾಯಿಗಳಿಗೆ ಹೆದರಿ ದೂರದಿಂದಲೇ ಒಂದು ಕೂಗು ಹಾಕಬೇಕು. ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತ ಹೆಂಗಸು ತಲೆ ಎತ್ತಿ, “ಯಾರ ಮನೆ ಹುಡುಗನೋ ನೀನು? ಎಲ್ಲಿಗೆ ಹೊರಟಿದ್ದು? ಬೆಲ್ಲ ನೀರು ಕುಡ್ಕಂಡು ಹೋಗು” ಅನ್ನುತ್ತಿದ್ದರು. ಈ ಮೂರು ಮಾತೂ ಬಿಡದೆ ಬರುತ್ತಿದ್ದವು. ನೀರು ಕುಡಿದು ಉತ್ತರ ಕೊಡುವ ಹೊತ್ತಿಗೆ ನಮ್ಮ ಮನೆಯ ದನ ಕರು ಹಾಕಿದ್ದು, ಅಜ್ಜನ ಕೆಮ್ಮು, ಮುಂದಿನ ವಾರದ ಸತ್ಯನಾರಾಯಣ ಪೂಜೆ ಎಲ್ಲವೂ ಅವರಿಗೆ ತಿಳಿದಿರುತ್ತಿತ್ತು. ಸುದ್ದಿಯ ಜೊತೆ ಕಣ್ಣೂ ಇರುತ್ತಿತ್ತು. ಎರಡು ದಿನ ಒಬ್ಬ ಮುದುಕಿ ಜಗಲಿಗೆ ಬಾರದಿದ್ದರೆ ಮೂರನೆಯ ದಿನ ಹಾದುಹೋಗುವ ಯಾರಾದರೂ ಒಳಗೆ ಇಣುಕುತ್ತಿದ್ದರು.

ಆದರೆ ಆ ಅಂಗಳ ಎಲ್ಲರದೂ ಆಗಿರಲಿಲ್ಲ. ನಾವು ಜಗಲಿ ಮುಂದೆ ಹಾದು ಹೋಗುತ್ತಿದ್ದಾಗ, ಅದೇ ಮನೆಯ ತೋಟದಲ್ಲಿ ದಿನವಿಡೀ ದುಡಿಯುತ್ತಿದ್ದ ದಲಿತ ಕೇರಿಯವರು ಕೊಟ್ಟಿಗೆಯ ಹಿಂದಿನಿಂದ, ಗೊಬ್ಬರಗುಂಡಿಯ ಪಕ್ಕದ ಬಳಸುದಾರಿಯಲ್ಲಿ ಹೋಗಬೇಕಿತ್ತು. ಎದುರಿಗೆ ಒಡೆಯರ ಮನೆಯವರು ಬಂದರೆ ದಾರಿಯಿಂದ ಕೆಳಗಿಳಿದು ಗದ್ದೆಯ ಕೆಸರಲ್ಲಿ ನಿಲ್ಲಬೇಕಿತ್ತು. ಅವರಿಗೆ ನೀರು ಕೊಟ್ಟರೆ ಮೇಲಿನಿಂದ ಹುಯ್ಯುತ್ತಿದ್ದರು. ನಾನು ಕಣ್ಣಾರೆ ಕಂಡದ್ದು ಇದು. ಹಳೆಯ ದಾರಿಯಲ್ಲಿ ಎಲ್ಲರೂ ಕೂಡಿ ನಡೆಯುತ್ತಿದ್ದರು ಎಂದು ಯಾರಾದರೂ ಬರೆದರೆ ಅದು ಸುಳ್ಳು.

ಇನ್ನು ಕಾಯಿಲೆ. ರಸ್ತೆಯಿಲ್ಲದ ಊರಿನಲ್ಲಿ ರೋಗಿಯನ್ನು ಕಂಬಳಿಗೆ ಹಾಕಿ, ಕಂಬಳಿಯ ಎರಡು ತುದಿಯನ್ನು ಗಳಕ್ಕೆ ಕಟ್ಟಿ, ಇಬ್ಬರು ಹೆಗಲು ಕೊಟ್ಟು ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಹಾಗೆ ಒಯ್ಯುವಾಗ ಹೆಗಲು ಬದಲಾಯಿಸಲು ಇನ್ನಿಬ್ಬರು, ದಾರಿಗೆ ಬಿದ್ದ ಮರ ಕಡಿಯಲು ಕತ್ತಿ ಹಿಡಿದ ಇನ್ನೊಬ್ಬ ಬೇಕು. ನಮ್ಮ ದೊಡ್ಡಮ್ಮನನ್ನು ಒಯ್ದದ್ದು ಹಾಗೆ. ಹೆರಿಗೆ ನಿಂತುಹೋಗಿತ್ತು. ಕೂಸೂ ಉಳಿಯಲಿಲ್ಲ, ಅವರೂ ಉಳಿಯಲಿಲ್ಲ. ಆ ದಾರಿಯ ಎರಡೂ ಕಡೆ ಸೀತಾಳೆ ದಂಡೆ ಹೂ ಬಿಟ್ಟಿತ್ತೋ ಇಲ್ಲವೋ ಯಾರೂ ನೋಡಿರಲಾರರು. ರಸ್ತೆ ಬಂದದ್ದು ಒಳ್ಳೆಯದಾಯಿತು. ಈ ಮಾತನ್ನು ಮೊದಲು ಹೇಳದೆ ಕಾಲುದಾರಿಯ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ.

ಮಳೆಗಾಲದ ದಾರಿಯ ನಿಜವಾದ ಕಷ್ಟ ಹಳ್ಳದಲ್ಲಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಒಂದು ಹಗಲಲ್ಲಿ ಮೊಣಕಾಲುದ್ದದ ಹಳ್ಳ ಆಳು ಮುಳುಗುವಷ್ಟು ಏರುತ್ತದೆ. ದಾಟಲು ಇದ್ದದ್ದು ಸಂಕ. ಎರಡು ಅಡಿಕೆಮರ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಮುಗಿಯಿತು. ಪಾಚಿ ಕಟ್ಟಿದ ಅಡಿಕೆಮರದ ಮೇಲೆ ಪಾಟಿಚೀಲ ಹೊತ್ತ ಮಕ್ಕಳು ದಾಟುತ್ತಿದ್ದರು. ಎಷ್ಟೋ ಮನೆಗಳಲ್ಲಿ ಆಷಾಢದ ಒಂದು ತಿಂಗಳು ಮಕ್ಕಳನ್ನು ಶಾಲೆಗೆ ಕಳಿಸುತ್ತಲೇ ಇರಲಿಲ್ಲ. ದೊಡ್ಡ ಹೊಳೆಗೆ ದೋಣಿ. ಬೇಸಿಗೆಯಲ್ಲಿ ತೀರ್ಥಹಳ್ಳಿಯಲ್ಲಿ ಹಾಸುಬಂಡೆಗಳ ಮೇಲಿನ ಕಲ್ಲುಸಾರದಲ್ಲಿ ಕಾಲಿಟ್ಟು ತುಂಗೆ ದಾಟುತ್ತಿದ್ದರು, ಎಳ್ಳಮಾವಾಸ್ಯೆ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ರಾತ್ರಿಯೆಲ್ಲ ನಡೆದು ಬರುತ್ತಿದ್ದರು.

ಸಂಕದ ವಿಷಯದಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಸುಳ್ಯದ ಗಿರೀಶ್ ಭಾರದ್ವಾಜ್. 1989ರಲ್ಲಿ ಸುಳ್ಯದ ಬಳಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಊರವರ ಒತ್ತಾಯಕ್ಕೆ ಮೊದಲ ತೂಗುಸೇತುವೆ ಕಟ್ಟಿದ ಇವರು ಮುಂದೆ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ದೊಡ್ಡ ಸೇತುವೆಗೆ ಬೇಕಾಗುವ ಹಣ, ಕಾಲ ಎರಡರಲ್ಲೂ ಸಣ್ಣದೊಂದು ಪಾಲು ಸಾಕು, ಮತ್ತು ನಡೆಯುವವರಿಗೆ ಅಷ್ಟೇ ಬೇಕಾಗಿರುವುದು. ನಡೆಯುವವರನ್ನು ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ ಕೆಲಸಗಳು ಈ ನಾಡಿನಲ್ಲಿ ಬಹಳ ಕಡಿಮೆ, ಅದರಲ್ಲಿ ಇದು ದೊಡ್ಡದು. ಸರ್ಕಾರವೂ ಆಮೇಲೆ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯಲ್ಲಿ ಮಲೆನಾಡು, ಕರಾವಳಿಯ ಕಾಲುಸಂಕಗಳ ಜಾಗದಲ್ಲಿ ಕಿರುಸೇತುವೆ ಕಟ್ಟಲು ಹೊರಟಿತು. ಹಾಗಿದ್ದೂ ಮಳೆಗಾಲದಲ್ಲಿ ಸಂಕದಿಂದ ಜಾರಿದ ಮಗುವಿನ ಸುದ್ದಿ ಪತ್ರಿಕೆಯಲ್ಲಿ ಬರುವುದು ನಿಂತಿಲ್ಲ.

ಇಂಬಳಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ಸುಣ್ಣ, ಹೊಗೆಸೊಪ್ಪು ಎಲ್ಲರ ಸೊಂಟದ ಚೀಲದಲ್ಲೂ ಇರುತ್ತಿತ್ತು, ಹಚ್ಚಿಕೊಂಡು ನಡೆಯುತ್ತಿದ್ದೆವು. ಬೇಸಿಗೆಯ ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ, ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ ನಮ್ಮ ತಾಲೂಕುಗಳಿಗೂ ಬಂತು. ಮಂಗ ಸತ್ತ ಸುದ್ದಿ ಬಂದರೆ ಆ ಕಡೆಯ ದಾರಿ ಬೇಸಿಗೆ ಮುಗಿಯುವವರೆಗೆ ಬಂದ್. ಈಗಲೂ ಡಿಸೆಂಬರ್‌ನಿಂದ ಮೇವರೆಗೆ ಆರೋಗ್ಯ ಇಲಾಖೆಯವರು ಮೈಗೆ ಹಚ್ಚಲು ಎಣ್ಣೆ ಕೊಡುತ್ತಾರೆ, ಕಾಡಿಗೆ ಹೋಗಿ ಬಂದವರು ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಸ್ನಾನ ಮಾಡಬೇಕೆಂದು ಹೇಳುತ್ತಾರೆ. ಹೊರಗಿನಿಂದ ನಡೆಯಲು ಬರುವವರಿಗೆ ಚಾರಣಕ್ಕೆ ಒಳ್ಳೆಯ ಕಾಲ ಅನ್ನಿಸುವ ತಿಂಗಳುಗಳೇ ಇವು. ಅವರಿಗೆ ಇದನ್ನು ಹೇಳುವವರು ಕಡಿಮೆ.

ದಾರಿ ಮುಚ್ಚಿದ್ದು ಬಸ್ಸಿನಿಂದ ಎಂದು ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಸ್ಸಿಗೆ ಕಾಲುದಾರಿ ಬೇಕಿತ್ತು. 1991ರಲ್ಲಿ ಕೊಪ್ಪದಲ್ಲಿ, ಮುಚ್ಚಿಹೋದ ಬಸ್ ಕಂಪನಿಯ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಕಿರಿದಾದ ತಿರುವುಗಳಲ್ಲಿ ಅವರ ಬಸ್ಸು ಹೋಗದ ಹಳ್ಳಿ ಕಡಿಮೆ. ಬೆಳಗಿನ ಬಸ್ಸಿಗೆ ನಾಲ್ಕು ದಿಕ್ಕಿನ ಒಳದಾರಿಗಳಿಂದ ಜನ ಇಳಿದು ಬರುತ್ತಿದ್ದರು, ಸಂಜೆ ಅದೇ ದಾರಿಗಳಲ್ಲಿ ಚದುರುತ್ತಿದ್ದರು. ಕಂಡಕ್ಟರಿಗೆ ಯಾರು ಯಾವ ದಾರಿಯಿಂದ ಬರುತ್ತಾರೆಂದು ಗೊತ್ತಿತ್ತು, ಮಳೆ ಜೋರಾದ ದಿನ ಐದು ನಿಮಿಷ ಕಾಯುತ್ತಿದ್ದ. ಬೈಕು ಬಂದ ಮೇಲೆ ಆ ನಡಿಗೆ ನಿಂತಿತು. ಮನೆಯ ಬಾಗಿಲಿನಿಂದಲೇ ಹೊರಟವನಿಗೆ ಪಕ್ಕದ ಮನೆಯ ಅಂಗಳ ಬೇಡವಾಯಿತು. ಬೈಕು, ಜೀಪು, ಕಾರು ಹೆಚ್ಚಿದಂತೆ ಬಸ್ಸಿನ ಸೀಟು ಖಾಲಿಯಾಯಿತು, 2020ರಲ್ಲಿ ಸಹಕಾರ ಸಾರಿಗೆಯೂ ನಿಂತಿತು. ಕಾಲುದಾರಿಯೂ ಬಸ್ಸೂ ಒಟ್ಟಿಗೇ ಹೋದವು. ವಯಸ್ಸಾದ ಹೆಂಗಸರಿಗೆ ಈಗ ಎರಡೂ ಇಲ್ಲ, ಯಾರದಾದರೂ ಬೈಕಿನ ಹಿಂಬದಿ ಸೀಟಿಗೆ ಕಾಯಬೇಕು.

ಇನ್ನೊಂದು ಕಾರಣ ನೆಲದ್ದು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ಒಕ್ಕಲುಗಳಿಗೆ ಭೂಮಿ ಬಂತು. ಎಷ್ಟೋ ತಲೆಮಾರು ಇನ್ನೊಬ್ಬರ ಅಂಗಳದಲ್ಲಿ ಕೈಕಟ್ಟಿ ನಿಂತವರು ತಮ್ಮದೇ ಜಾಗಕ್ಕೆ ಬೇಲಿ ಹಾಕಿದರು. ಅದನ್ನು ತಪ್ಪು ಎನ್ನಲು ನನ್ನಿಂದಾಗದು. ಆಮೇಲೆ ಅಡಿಕೆಗೆ ಬೆಲೆ ಬಂತು, ಭತ್ತದಲ್ಲಿ ಕೂಲಿಯೂ ಹುಟ್ಟದಾಯಿತು, ಗದ್ದೆಗಳು ಒಂದೊಂದಾಗಿ ತೋಟವಾದವು. ಬಯಲಿನ ಉದ್ದಕ್ಕೂ ಹರಿದಿದ್ದ ಗದ್ದೆಯ ಅಂಚೇ ನಮ್ಮ ದಾರಿಯಾಗಿತ್ತು. ಅಗೆ ಹಾಕಿ, ಬಸಿಗಾಲುವೆ ತೋಡಿದ ಮೇಲೆ ಅಂಚೂ ಇಲ್ಲ, ದಾರಿಯೂ ಇಲ್ಲ. ಹಂದಿ, ಕಾಟಿಗಳ ಹಾವಳಿಗೆ ತಂತಿಬೇಲಿ ಬಂತು, ಅದಕ್ಕೆ ಐಬೆಕ್ಸ್‌ ಕರೆಂಟು ಬಂತು. ಈಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಆನೆಯೂ ಬರತೊಡಗಿದೆ. ಕತ್ತಲಾದ ಮೇಲೆ ಒಳದಾರಿಯಲ್ಲಿ ನಡೆ ಎಂದು ನಾನು ಯಾರಿಗೂ ಹೇಳಲಾರೆ.

ಮೇಲಿನ ಗುಡ್ಡಗಳಿಗೆ ಅಕೇಶಿಯಾ ಬಂದದ್ದು ಕಾಗದಕ್ಕಾಗಿ, ಸೌದೆಗಾಗಿ. ಕಾನುಕಾಡಿನಲ್ಲಿ ದಾರಿ ತಪ್ಪಿದರೆ ಹೆಬ್ಬಲಸು, ಧೂಪ, ನಂದಿ ಮರಗಳ ಗುರುತಿನಿಂದ ಮನೆ ಸೇರಬಹುದಿತ್ತು. ಒಂದೇ ಅಂತರದಲ್ಲಿ ನೆಟ್ಟ ಒಂದೇ ಜಾತಿಯ ಮರಗಳಲ್ಲಿ ಗುರುತು ಹಿಡಿಯಲು ಏನೂ ಇಲ್ಲ. ಕೆಳಗೆ ಕೊಳೆಯದ ದಪ್ಪ ಎಲೆಯ ಹಾಸು, ಹಕ್ಕಿಯ ಸದ್ದು ಅಪರೂಪ. ಹಾದುಹೋಗುವವರು ಹಸಿರು ಸೊಪ್ಪು ಮುರಿದು ಹಾಕುತ್ತಿದ್ದ ಚೌಡಿಕಲ್ಲೊಂದು ನಮ್ಮ ಕಡೆ ಇತ್ತು. ಈಗ ಅದು ಅಕೇಶಿಯಾ ಸಾಲಿನ ನಡುವೆ ಎಲ್ಲೋ ಇದೆ.

ಇಪ್ಪತ್ತು ವರ್ಷದ ಹಿಂದೆ ಇನ್ನೊಂದು ಭಯವೂ ಸೇರಿತ್ತು, ನಕ್ಸಲರು ಮತ್ತು ಪೊಲೀಸರ ಕಾದಾಟದ್ದು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಗುಂಡಿನ ಚಕಮಕಿ, 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತ್ಯೆ. ಆ ವರ್ಷಗಳಲ್ಲಿ ಸಂಜೆ ಹೊತ್ತು ಚೀಲ ಹಿಡಿದು ಕಾಡಿನಂಚಿನಲ್ಲಿ ನಡೆದವನನ್ನು ಎರಡೂ ಕಡೆಯವರು ತಡೆದು ಕೇಳುತ್ತಿದ್ದರು. ಅಕ್ಕನ ಮನೆಗೆ ಹೊರಟವನು ಯಾಕೆ ರಸ್ತೆ ಬಿಟ್ಟು ಬಂದೆ ಎಂಬುದಕ್ಕೆ ಉತ್ತರ ಕೊಡಬೇಕಾಯಿತು. ಒಂದು ತಲೆಮಾರಿನ ಹುಡುಗರು ಒಳದಾರಿಗಳನ್ನು ಕಲಿಯದೆ ಹೋದದ್ದು ಆ ಹತ್ತು ವರ್ಷಗಳಲ್ಲಿ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದರು, ಕಾಡು ಈಗ ಆ ಲೆಕ್ಕದಲ್ಲಿ ಶಾಂತ. ಕಲಿಸುವವರು ಮಾತ್ರ ಆಗಲೇ ಮುದುಕರಾಗಿದ್ದಾರೆ.

ಇದೇ ಹೊತ್ತಿಗೆ ಚಾರಣ ದೊಡ್ಡದಾಗಿ ಬೆಳೆಯಿತು. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ್ದನ್ನು ರಾಜ್ಯವೆಲ್ಲ ನೋಡಿತು. ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳನ್ನು ಮುಚ್ಚಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ತೆರೆದು, ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿತು. ಇದು ಸರಿಯಾದ ಕೆಲಸ. ನೆತ್ತಿಯ ಹುಲ್ಲುಗಾವಲು, ಶೋಲಾ ಕಾಡು ಅಷ್ಟು ಕಾಲುಗಳನ್ನು ತಾಳುವುದಿಲ್ಲ. ಆದರೆ ನಡೆಯಬೇಕೆಂದು ಆಸೆಪಟ್ಟು ಬರುವ ಹುಡುಗ ಹುಡುಗಿಯರಿಗೆ ನೆತ್ತಿಯೊಂದೇ ಗುರಿ ಯಾಕಾಗಬೇಕು? ಹರಿಹರಪುರದಿಂದ ತೀರ್ಥಹಳ್ಳಿಯವರೆಗೆ ಹೊಳೆಯ ದಂಡೆ ಹಿಡಿದು, ತೋಟ, ಗದ್ದೆ, ಕಾನು ದಾಟುತ್ತ ನಡೆದರೆ ಕಾಣುವುದು ಬೇರೆಯೇ ನಾಡು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದಾಗಿನಿಂದ ಓದಿದವರೆಲ್ಲ ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಸಿಂಬಾವಿ, ಮೇಗರವಳ್ಳಿಗಳ ದಾರಿಯಲ್ಲಿ ಮನಸ್ಸಿನಲ್ಲಿ ನಡೆದಿದ್ದಾರೆ. ಕುಪ್ಪಳಿಗೆ ಬರುವವರು ಕವಿಮನೆ ನೋಡಿ, ಕವಿಶೈಲಕ್ಕೆ ಹೋಗಿ, ಕಾರು ಹತ್ತಿ ಹೊರಡುತ್ತಾರೆ. ಕಾದಂಬರಿಯ ಜೀವವೇ ಆದ ನಡಿಗೆಗೆ ಅಲ್ಲಿಂದ ಮುಂದೆ ದಾರಿ ತೋರಿಸುವ ಒಂದು ಕಲ್ಲೂ ಇಲ್ಲ.

ದಾರಿ ಕಾಗದದ ಮೇಲೆ ಇದೆ. ಮೈಸೂರು ಸಂಸ್ಥಾನದ ಕಾಲದ ಸರ್ವೆಯಿಂದ ಬಂದ ಗ್ರಾಮನಕಾಶೆಗಳಲ್ಲಿ ಕಾಲುದಾರಿಗೆ ಒಂದು ಚುಕ್ಕೆಗೆರೆ, ಬಂಡಿದಾರಿಗೆ ಜೋಡಿ ಚುಕ್ಕೆಗೆರೆ. ನಕಾಶೆಯಲ್ಲಿ ಇಲ್ಲದಿದ್ದರೂ, 1882ರ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಹಕ್ಕೆಂದು ನಡೆದ ದಾರಿಯನ್ನು ಮುಚ್ಚುವಂತಿಲ್ಲ. ನಕಾಶೆಯಲ್ಲಿರುವ ಕಾಲುದಾರಿ, ಬಂಡಿದಾರಿಗಳನ್ನು ಮುಚ್ಚಿದ್ದರೆ ತೆರವು ಮಾಡಿಸಬೇಕೆಂದು 2023ರಲ್ಲಿ ಕಂದಾಯ ಇಲಾಖೆ ತಹಶೀಲ್ದಾರರಿಗೆ ಸುತ್ತೋಲೆಯನ್ನೂ ಹೊರಡಿಸಿತು, ರೈತರು ತಮ್ಮ ಜಮೀನು ತಲುಪಲೆಂದು. ಇಂಗ್ಲೆಂಡಿನಲ್ಲಿ 1949ರ ಒಂದು ಕಾಯ್ದೆಯಿಂದ ಇಂಥ ಹಳ್ಳಿದಾರಿಗಳನ್ನೆಲ್ಲ ನಕ್ಷೆಗೆ ಏರಿಸಿ, ಖಾಸಗಿ ಹೊಲದ ನಡುವೆ ಹೋದರೂ ಸಾರ್ವಜನಿಕರ ದಾರಿ ಎಂದು ದಾಖಲಿಸಿದರು. ನಮ್ಮಲ್ಲಿ ಗೆರೆ ಆಗಲೇ ಎಳೆದಾಗಿದೆ. ಪ್ರತಿ ಗ್ರಾಮ ಪಂಚಾಯಿತಿ ತನ್ನ ನಕಾಶೆ ಬಿಡಿಸಿ, ಉಳಿದ ದಾರಿ ಯಾವುದು ಎಂದು ಊರಿನ ಹಿರಿಯರನ್ನು ಕೂರಿಸಿ ಪಟ್ಟಿ ಮಾಡುವ ಕೆಲಸ ಆಗಬೇಕು, ಅದೂ ಆ ಹಿರಿಯರು ಇರುವಾಗಲೇ.

ಇದನ್ನು ನಮ್ಮ ಬಯಲಿನಲ್ಲಿ ಹೇಳಿದಾಗ ಮೇಲಿನ ಮನೆಯ ಭಾವ ಕೇಳಿದರು: “ಯಾರು ನಡೀತಾರೆ ಮಾರಾಯ ಈಗ? ಎಲ್ಲರ ಮನೇಲೂ ಬೈಕಿದೆ.” ಅವರ ತೋಟಕ್ಕೇ ದಿನಾ ಕೆಲಸಕ್ಕೆ ಬರುವ ಹೆಂಗಸರು ಹಳ್ಳದ ಆಚೆಯವರು. ಬೇಲಿ ಹಾಕಿದ ಮೇಲೆ ಅವರು ರಸ್ತೆ ಸುತ್ತಿ ಬರುತ್ತಾರೆ. ಮೊದಲು ಹತ್ತು ನಿಮಿಷದ ದಾರಿ, ಈಗ ಮುಕ್ಕಾಲು ಗಂಟೆ. ಹಿಂದೆ ಕೊಟ್ಟಿಗೆಯ ಹಿಂದಿನಿಂದ ಹೋಗಬೇಕಾಗಿದ್ದ ಕೇರಿಯವರ ಮಕ್ಕಳು, ಮೊಮ್ಮಕ್ಕಳು ಅವರು. ದಾರಿ ಬೇಡವಾದದ್ದು ಗಾಡಿ ಇರುವವರಿಗೆ ಎಂದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೂ ಹೌದು. ಉಣುಗೋಲು ಇಟ್ಟರೆ ಹಂದಿ ನುಗ್ತದೆ. ಕಬ್ಬಿಣದ್ದು ಸಣ್ಣದೊಂದು ಗೇಟು ಮಾಡಿಸಿದ್ರೆ ಆದೀತು” ಎಂದರು. ಗೇಟಿನ ಅಗಲದ ಬಗ್ಗೆ ಇನ್ನೂ ಮಾತು ನಡೆದಿದೆ. ಅವರಿಗೆ ಒಬ್ಬರು ಹೋಗುವಷ್ಟು ಸಾಕು. ಸೊಪ್ಪಿನ ಹೊರೆ ಹೊತ್ತವಳು ಅಡ್ಡ ತಿರುಗದೆ ದಾಟುವಷ್ಟು ಇರಲಿ ಎಂಬುದು ನನ್ನ ವಾದ. ಹಳ್ಳದ ಸಂಕಕ್ಕೆ ಪಂಚಾಯಿತಿಯಲ್ಲಿ ಅರ್ಜಿ ಕೊಡಬೇಕು, ಅದಕ್ಕೆ ನಕಾಶೆಯ ನಕಲು ತೆಗೆಸಿದ್ದಾಗಿದೆ. ನಮ್ಮ ಮನೆಯ ಹಿಂದಿನಿಂದ ಹಳ್ಳದವರೆಗಿನ ಚುಕ್ಕೆಗೆರೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಆಚೆ ದಂಡೆಯದು ಇನ್ನೊಂದು ಗ್ರಾಮದ ಹಾಳೆಯಲ್ಲಿದೆ. ಅದನ್ನೂ ತರಿಸಬೇಕು.